ಮಾರ್ಚ್ 10ರಂದು ಹಾರ ಬೇಡ, ಎರಡು ಬಿದಿರ ಗಳ ತನ್ನಿ

ಶಾಲಾ ಶಿಕ್ಷಣ ಇಲಾಖೆಯ ಅಧಿಕಾರಿಗಳಿಗೆ, ಸರ್ಕಾರಿ ಶಾಲೆಗಳ ಮುಖ್ಯ ಶಿಕ್ಷಕರಿಗೆ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಅಧ್ಯಕ್ಷರು ಮತ್ತು ಸದಸ್ಯರಿಗೆ,

ನಮಸ್ಕಾರ.

ಜನವರಿ 3 ಬಂತೆಂದರೆ ನಮ್ಮ ಬಹಳಷ್ಟು ಶಾಲೆಗಳಲ್ಲಿ, 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳಲು ನಿಂತ ಶಿಕ್ಷಕಿ ಸಾವಿತ್ರಿಬಾಯಿ ಫುಲೆಯವರ ಫೋಟೊ ಮೇಜಿನ ಮೇಲೆ ಬರುತ್ತದೆ. ಸೇವಂತಿಗೆ ಹಾರ, ಊದುಬತ್ತಿ, ಎರಡು ಭಾಷಣ, ಹಣೆಗೆ ದೊಡ್ಡ ಕುಂಕುಮವಿಟ್ಟುಕೊಂಡು ಸೀರೆಯುಟ್ಟು ಬಂದ ಆರನೇ ತರಗತಿಯ ಒಬ್ಬ ಹುಡುಗಿ. ಹನ್ನೊಂದು ಗಂಟೆಗೆಲ್ಲ ಮುಗಿಯುತ್ತದೆ. ಅದು ಅವರು ಹುಟ್ಟಿದ ದಿನ. ತೀರಿಕೊಂಡ ದಿನ ಮಾರ್ಚ್ 10. ಪರೀಕ್ಷೆಯ ಗಡಿಬಿಡಿಯಲ್ಲಿ ಅದು ಯಾರ ಗಮನಕ್ಕೂ ಬಾರದೆ ದಾಟಿಹೋಗುತ್ತದೆ. ಆ ದಿನವನ್ನು ಶಾಲೆಯಲ್ಲಿ ಹೇಗೆ ಆಚರಿಸಬಹುದು, ಅದಕ್ಕೆ ಏನೇನು ಬೇಕು, ಎಲ್ಲೆಲ್ಲಿ ಎಡವುತ್ತೇವೆ ಎಂದು ತಿಳಿಸಲು ಈ ಪತ್ರ. ಎರಡು ಪೀರಿಯಡ್ ಸಾಕು. ಭಾಷಣ ಬೇಡವೇ ಬೇಡ.

ಮೊದಲು ಆ ದಿನದ ವಿಷಯ. 1896ರ ಸೆಪ್ಟೆಂಬರ್‌ನಲ್ಲಿ ಮುಂಬೈಯಲ್ಲಿ ಕಾಣಿಸಿಕೊಂಡ ಪ್ಲೇಗ್ ಕೆಲವೇ ತಿಂಗಳಲ್ಲಿ ಪುಣೆಗೆ ಬಂತು. ಸಾವಿತ್ರಿಬಾಯಿಗೆ ಆಗ ಅರವತ್ತಾರು ವರ್ಷ. ಪತಿ ಜೋತಿಬಾ ತೀರಿಕೊಂಡು ಆರು ವರ್ಷ ಕಳೆದಿತ್ತು. ಅವರ ಅಂತ್ಯಯಾತ್ರೆಯಲ್ಲಿ ಮಡಕೆ ಹಿಡಿದು ಮುಂದೆ ನಡೆದವರೂ ಈಕೆಯೇ. 1874ರಲ್ಲಿ ದತ್ತು ತೆಗೆದುಕೊಂಡ ಮಗ ಯಶವಂತ ವೈದ್ಯನಾಗಿದ್ದ. ತಾಯಿ ಮಗ ಸೇರಿ ಪುಣೆಯ ಹೊರಗೆ, ಹಡಪ್ಸರ್ ಕಡೆಯ ಸಸಾಣೆ ಮಳಾ ಎಂಬ ಬಯಲಿನಲ್ಲಿ ಪ್ಲೇಗ್ ರೋಗಿಗಳಿಗೆ ಆಸ್ಪತ್ರೆ ತೆರೆದರು. ಮುಂಢ್ವಾದ ಹೊರಗೆ, ಅಸ್ಪೃಶ್ಯರೆನಿಸಿದ್ದ ಮಹಾರರ ಕೇರಿಯಲ್ಲಿ ಗಾಯಕವಾಡ ಮನೆತನದ ಹುಡುಗನಿಗೆ ಪ್ಲೇಗ್ ತಗುಲಿದೆ ಎಂದು ಸುದ್ದಿ ಬಂದಾಗ ಸಾವಿತ್ರಿಬಾಯಿ ತಾವೇ ಹೋಗಿ, ಅವನನ್ನು ಬೆನ್ನ ಮೇಲೆ ಹೊತ್ತು ಆಸ್ಪತ್ರೆಗೆ ತಂದರು. ಅವರಿಗೂ ಪ್ಲೇಗ್ ತಗುಲಿತು. 1897ರ ಮಾರ್ಚ್ 10ರಂದು ತೀರಿಕೊಂಡರು.

ಈ ಕಥೆ ಹೇಳುವಾಗ ನಮ್ಮ ಭಾಷಣಕಾರರ ಗಂಟಲು ಕಟ್ಟುತ್ತದೆ, ‘ಪ್ರಾಣತ್ಯಾಗ’ ಎಂದು ಹೇಳಿ ಕುಳಿತುಬಿಡುತ್ತಾರೆ. ನಮ್ಮ ತಕರಾರು ಇರುವುದು ಅಲ್ಲೇ. ಸಾವಿತ್ರಿಬಾಯಿ ಸಾಯಲು ಹೋದವರಲ್ಲ, ರೋಗಿಯನ್ನು ಸಾಗಿಸಲು ಹೋದವರು. ಪ್ಲೇಗಿನ ಸೂಕ್ಷ್ಮಾಣುವನ್ನು 1894ರಲ್ಲೇ ಹಾಂಗ್‌ಕಾಂಗ್‌ನಲ್ಲಿ ಯೆರ್ಸಿನ್ ಗುರುತಿಸಿದ್ದ. ಆದರೆ ಅದು ಇಲಿಯ ಮೈಮೇಲಿನ ಚಿಗಟದಿಂದ ಮನುಷ್ಯನಿಗೆ ದಾಟುತ್ತದೆ ಎಂದು ಸಿಮಾಂಡ್ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ತೋರಿಸಿಕೊಟ್ಟದ್ದು 1898ರಲ್ಲಿ, ಅಂದರೆ ಅವರು ತೀರಿಕೊಂಡ ಮರುವರ್ಷ. ರೋಗಿಯ ಹಾಸಿಗೆ ಬಟ್ಟೆಯಲ್ಲಿ ಚಿಗಟ ಇರಬಹುದು, ಶ್ವಾಸಕೋಶಕ್ಕೆ ಇಳಿದ ಪ್ಲೇಗ್ ಆದರೆ ಕೆಮ್ಮಿನಿಂದಲೂ ಹರಡುತ್ತದೆ ಎಂಬುದು ಆ ಹುಡುಗನನ್ನು ಹೊರುವಾಗ ಅವರಿಗಾಗಲಿ ಪುಣೆಯ ಯಾವ ವೈದ್ಯರಿಗಾಗಲಿ ಪೂರ್ತಿ ತಿಳಿದಿರಲಿಲ್ಲ. ಇವತ್ತು ನಮಗೆ ತಿಳಿದಿದೆ. ಹಾಗಿದ್ದೂ ನಮ್ಮ ಹತ್ತನೇ ತರಗತಿ ಪಾಸಾದ ಮಕ್ಕಳಲ್ಲಿ ಎಷ್ಟು ಮಂದಿಗೆ ಒಬ್ಬ ರೋಗಿಯನ್ನು ಸುರಕ್ಷಿತವಾಗಿ ಅರ್ಧ ಮೈಲಿ ಸಾಗಿಸಲು ಬರುತ್ತದೆ?

ಆಸ್ಪತ್ರೆ ಊರ ಹೊರಗಿದ್ದದ್ದನ್ನೂ ಗಮನಿಸಿ. ಸಾಂಕ್ರಾಮಿಕ ರೋಗಗಳ ಕಾಯಿದೆ ಬಂದದ್ದು 1897ರ ಫೆಬ್ರವರಿ 4ರಂದು. ಅದೇ ಮಾರ್ಚ್‌ನಲ್ಲಿ ಪುಣೆಯಲ್ಲಿ ಸೈನಿಕರು ಮನೆಮನೆ ಹೊಕ್ಕು ತಪಾಸಣೆ ಶುರುಮಾಡಿದರು. ಜನ ಹೆದರಿ ರೋಗಿಗಳನ್ನು ಅಟ್ಟದಲ್ಲಿ, ಹಿತ್ತಿಲಲ್ಲಿ ಬಚ್ಚಿಟ್ಟರು. ಸರ್ಕಾರದ ಕ್ಯಾಂಪಿಗೆ ಕಳಿಸಲು ಒಪ್ಪದ ಮನೆಯವರು ತಮ್ಮವರೇ ನಡೆಸುವ ಜಾಗಕ್ಕೆ ಮಗುವನ್ನು ಕೊಡಲು ಒಪ್ಪುತ್ತಾರೆ. ಈ ವ್ಯತ್ಯಾಸ ಕೊರೊನಾ ಕಾಲದಲ್ಲಿ ಆಶಾ ಕಾರ್ಯಕರ್ತೆಯರಿಗೆಲ್ಲ ಗೊತ್ತಾಗಿದೆ. ಪ್ಲೇಗ್ ನಮ್ಮ ನಾಡಿಗೂ ದೂರದ ಕಥೆಯೇನಲ್ಲ. ಪುಣೆಯ ನಂತರ ಹುಬ್ಬಳ್ಳಿ ನಲುಗಿತು, 1898ರ ಆಗಸ್ಟ್‌ನಲ್ಲಿ ಬೆಂಗಳೂರು. ಬಸವನಗುಡಿ, ಮಲ್ಲೇಶ್ವರಗಳ ಅಗಲ ಬೀದಿಗಳಿಗೂ, ಊರೂರಿನ ಪ್ಲೇಗಮ್ಮನ ಗುಡಿಗಳಿಗೂ ಆ ವರ್ಷಗಳ ನೆನಪಿದೆ.

ಕಾರ್ಯಕ್ರಮಕ್ಕೆ ಹೋಗುವ ಮೊದಲು, ವೇದಿಕೆಯಲ್ಲಿ ಪ್ರತಿವರ್ಷ ಕೇಳಿಬರುವ ಕೆಲವು ತಪ್ಪುಗಳು. ‘ದೇಶದ ಮೊಟ್ಟಮೊದಲ ಹೆಣ್ಣುಮಕ್ಕಳ ಶಾಲೆ’ ಎನ್ನಬೇಡಿ. ಮಿಷನರಿಗಳ ಶಾಲೆಗಳು ಮೊದಲೇ ಇದ್ದವು. ಸಾವಿತ್ರಿಬಾಯಿ ತರಬೇತಿ ಪಡೆದದ್ದೇ ಅಹಮದ್‌ನಗರದ ಫರಾರ್ ಬಾಯಿಯವರ ಬಳಿ, ಪುಣೆಯ ಮಿಚೆಲ್ ಬಾಯಿಯವರ ಶಾಲೆಯಲ್ಲಿ. ಬಂಗಾಳದ ಬಾರಾಸತ್‌ನಲ್ಲಿ 1847ರಲ್ಲೇ ಭಾರತೀಯರು ಹೆಣ್ಣುಮಕ್ಕಳ ಶಾಲೆ ತೆರೆದಿದ್ದರು. ಪುಣೆಯ ಭಿಡೆ ವಾಡಾದ ಶಾಲೆ 1848ರದು. ತಿಂಗಳು, ತಾರೀಕಿನ ವಿಚಾರದಲ್ಲಿ ಪುಸ್ತಕಗಳು ಒಂದೇ ಮಾತು ಹೇಳುವುದಿಲ್ಲ, ಆದ್ದರಿಂದ ವರ್ಷ ಹೇಳಿ ಬಿಡಿ. ‘ಮೊದಲು’ ಎಂಬ ಬಿರುದು ಕಿತ್ತುಕೊಂಡರೆ ಅವರ ಎತ್ತರವೇನೂ ಕಮ್ಮಿಯಾಗುವುದಿಲ್ಲ. ಹದಿನೇಳು ವರ್ಷದ, ಓದಿದ ಮನೆತನವಲ್ಲದ ಹೆಣ್ಣುಮಗಳು ಪೇಶ್ವೆಗಳ ಊರಿನಲ್ಲಿ, ಬುಧವಾರ ಪೇಟೆಯ ನಡುವೆ ಪಾಠ ಹೇಳಲು ನಿಂತದ್ದು ಅಷ್ಟು ಸಣ್ಣ ಸಂಗತಿಯೇ?

ಇನ್ನು ಸಗಣಿ ಎಸೆಯುವ ದೃಶ್ಯ. ಶಾಲೆಗೆ ಹೋಗುವಾಗ ಜನ ಕೆಸರು, ಸಗಣಿ ಎಸೆಯುತ್ತಿದ್ದರು, ಅದಕ್ಕೇ ಇನ್ನೊಂದು ಸೀರೆ ಜೊತೆಗೆ ಒಯ್ಯುತ್ತಿದ್ದರು ಎಂಬುದು ಎಲ್ಲರ ಬಾಯಲ್ಲೂ ಇದೆ, ಎಲ್ಲ ಕಿರುನಾಟಕದಲ್ಲೂ ಇದೆ. ಮಕ್ಕಳಿಗೆ ಎಸೆಯುವುದು ಬಲು ಇಷ್ಟ, ನಾಟಕ ಪೂರ್ತಿ ಅದರಲ್ಲೇ ಮುಗಿಯುತ್ತದೆ. ಅವರು ತರಗತಿಯೊಳಗೆ ಹೋಗಿ ಏನು ಕಲಿಸಿದರು ಎಂಬುದು ನಾಟಕದಲ್ಲಿ ಬರುವುದೇ ಇಲ್ಲ. ಫುಲೆಯವರ ಶಾಲೆಗಳಲ್ಲಿ ಏನು ನಡೆಯಿತು ಎಂದು ತೋರಿಸಲು ಬೇರೆ ಸಾಕ್ಷಿ ಇದೆ. ಅಲ್ಲಿ ಓದಿದ ಮಾಂಗ ಸಮುದಾಯದ ಹುಡುಗಿ ಮುಕ್ತಾ ಸಾಳ್ವೆ ಮಹಾರ, ಮಾಂಗರ ಸಂಕಟದ ಬಗ್ಗೆ ಬರೆದ ಪ್ರಬಂಧ 1855ರಲ್ಲಿ ‘ಜ್ಞಾನೋದಯ’ ಪತ್ರಿಕೆಯಲ್ಲಿ ಅಚ್ಚಾಯಿತು. ಬೇರೆಯವರ ಧರ್ಮಗ್ರಂಥ ಮುಟ್ಟಲೂ ಬಿಡದ ನಮಗೆ ನಮ್ಮದು ಯಾವ ಧರ್ಮ ಎಂದು ಕೇಳುವ ಬರಹ ಅದು. ಎಂಟು, ಒಂಬತ್ತನೇ ತರಗತಿಯ ಮಕ್ಕಳಿಗೆ ಅದರ ಒಂದು ಪುಟ ಓದಿಸಿ.

ಎರಡು ಪೀರಿಯಡ್‌ನಲ್ಲಿ ಮೊದಲ ಹದಿನೈದು ನಿಮಿಷ ಅಷ್ಟೇ, ಓದು. ಮುಕ್ತಾ ಸಾಳ್ವೆಯ ಪುಟ, ಇಲ್ಲವೇ ಸಾವಿತ್ರಿಬಾಯಿ ಜೋತಿಬಾಗೆ ಬರೆದ ಮೂರು ಪತ್ರಗಳಲ್ಲಿ ಒಂದು. 1868ರ ಆಗಸ್ಟ್ 29ರ ಪತ್ರ ನಮಗೆ ಇಷ್ಟ. ತವರೂರು ನಾಯಗಾಂವ್‌ನಲ್ಲಿ ಗಣೇಶನೆಂಬ ಬ್ರಾಹ್ಮಣ ಹುಡುಗ, ಅವನಿಂದ ಬಸುರಾದ ಅಸ್ಪೃಶ್ಯ ಕುಲದ ಹುಡುಗಿ ಇಬ್ಬರನ್ನೂ ಊರವರು ಬೀದಿಯಲ್ಲಿ ಎಳೆದು ಕೊಲ್ಲಲು ಹೊರಟಿದ್ದರು. ಸಾವಿತ್ರಿಬಾಯಿ ನಡುವೆ ನಿಂತು, ಕೊಂದರೆ ಸರ್ಕಾರದ ಕಾನೂನು ಏನು ಮಾಡುತ್ತದೆ ಎಂದು ಹೇಳಿ ಬಿಡಿಸಿದರು. ಆ ಪತ್ರದಲ್ಲಿ ಕಣ್ಣೀರಿಲ್ಲ. ಏನಾಯಿತು, ಏನು ಮಾಡಿದೆ, ಮುಂದೇನು ಎಂದಷ್ಟೇ ಇದೆ. 1877ರ ಏಪ್ರಿಲ್ 20ರ ಪತ್ರವೂ ಹಾಗೆಯೇ, ಜುನ್ನರ್ ತಾಲ್ಲೂಕಿನ ಓತೂರಿನಿಂದ ಬರೆದ ಬರಗಾಲದ ವರದಿ. ನಮ್ಮಲ್ಲಿ ಧಾತು-ಈಶ್ವರ ಸಂವತ್ಸರದ ಬರ ಎಂದು ಹಿರಿಯರು ಹೇಳುತ್ತಿದ್ದದ್ದು ಅದೇ ಬರ. ಓದಲು ತೊದಲುವ ಮಗುವಿಗೇ ಒಂದು ಪ್ಯಾರಾ ಕೊಡಿ, ಹಿಂದಿನ ದಿನ ಎರಡು ಸಲ ಓದಿಸಿಟ್ಟಿರಿ. ಪ್ರತಿವರ್ಷ ನಿರೂಪಣೆ ಮಾಡುವ ಹುಡುಗಿಗೇ ಮತ್ತೆ ಮೈಕು ಕೊಡಬೇಡಿ.

ಆಮೇಲೆ ಗಳ, ಕಂಬಳಿಯಿಂದ ರೋಗಿಯನ್ನು ಹೊರುವ ಸ್ಟ್ರೆಚರ್ ಕಟ್ಟುವುದು.

ಎರಡು ಬಿದಿರ ಗಳ, ಒಂದೊಂದೂ ಎಂಟೂವರೆ ಅಡಿ. ಮಕ್ಕಳ ಮುಷ್ಟಿಗೆ ಹಿಡಿಯುವ ದಪ್ಪ, ಗಂಟುಗಳನ್ನು ಕುಡುಗೋಲಿನಿಂದ ಸವರಿ ನಯ ಮಾಡಿರಬೇಕು. ಹಸಿ ಬಿದಿರು ಬಾಗುತ್ತದೆ, ಹಳೆಯದು ಸೀಳಿರುತ್ತದೆ. ಎರಡು ತುದಿ ಕಲ್ಲಿನ ಮೇಲಿಟ್ಟು ದೊಡ್ಡವರೊಬ್ಬರು ನಡುವೆ ನಿಧಾನ ಭಾರ ಬಿಟ್ಟು ನೋಡಬೇಕು, ಚಟ್ ಎಂದು ಸದ್ದು ಬಂದರೆ ಅದು ಬೇಲಿಗೆ. ಕಂಬಳಿ ಏಳಡಿ ಉದ್ದ, ಏಳಡಿ ಅಗಲ ಇರಲಿ. ಒಬ್ಬರು ಹೊದೆಯುವ ಐದಡಿ ಅಗಲದ್ದು ತಂದರೆ ಗಳಗಳ ನಡುವೆ ಒಂದೂಕಾಲು ಅಡಿಯಷ್ಟೇ ಜಾಗ ಉಳಿದು ಹೆಗಲು ಹಿಡಿಸುವುದಿಲ್ಲ. ಉಣ್ಣೆ ಅಥವಾ ದಪ್ಪ ಹತ್ತಿಯದಾಗಲಿ. ಪಾಲಿಯೆಸ್ಟರ್ ರಗ್ಗು ಮೆತ್ತಗಿದ್ದು ಚೆಂದ ಕಾಣುತ್ತದೆ, ಆದರೆ ಜಾರುತ್ತದೆ. ಇಲ್ಲಿ ಗಂಟೂ ಇಲ್ಲ ಹೊಲಿಗೆಯೂ ಇಲ್ಲ, ಬಟ್ಟೆಗೆ ಬಟ್ಟೆ ಉಜ್ಜಿ ಹಿಡಿಯುವುದರಿಂದಲೇ ಎಲ್ಲ ನಿಂತಿರುತ್ತದೆ.

ಕಂಬಳಿಯನ್ನು ನೆಲಕ್ಕೆ ಹಾಸಿ. ಎಡ ಅಂಚಿನಿಂದ ಮೂರನೇ ಒಂದು ಭಾಗ ಬಿಟ್ಟು ಮೊದಲ ಗಳ ಇಡಿ. ಎಡಗಡೆಯ ಆ ಭಾಗವನ್ನು ಗಳದ ಮೇಲೆ ಮಡಚಿ. ಮಡಚಿದ ಅಂಚು ಎಲ್ಲಿ ಬಿತ್ತೋ ಅದಕ್ಕಿಂತ ಅರ್ಧ ಗೇಣು ಒಳಗೆ, ಎರಡು ಪದರದ ಮೇಲೆ, ಎರಡನೇ ಗಳ ಇಡಿ. ಈ ಅರ್ಧ ಗೇಣಿನಲ್ಲೇ ಎಲ್ಲರೂ ಎಡವುವುದು. ಅಂಚಿಗೇ ಸರಿಯಾಗಿ ಇಟ್ಟರೆ ಭಾರ ಬಿದ್ದ ಕೂಡಲೇ ಬಟ್ಟೆ ಗಳದಡಿಯಿಂದ ಜಾರಿ ರೋಗಿ ಕೆಳಗೆ. ಇನ್ನು ಬಲಗಡೆ ಉಳಿದ ಕಂಬಳಿಯನ್ನು ಎರಡೂ ಗಳಗಳ ಮೇಲೆ ಎಡಕ್ಕೆ ಮಡಚಿ. ಅದು ಮೊದಲ ಗಳವನ್ನೂ ದಾಟಿ ಬೀಳುತ್ತದೆ. ಮಧ್ಯೆ ಎರಡು ಅಡಿಗೆ ಸ್ವಲ್ಪ ಕಮ್ಮಿ ಜಾಗ ಸಿಗುತ್ತದೆ, ಮಲಗಿದವರ ಭಾರವೇ ಮಡಿಕೆಗಳನ್ನು ಒತ್ತಿ ಹಿಡಿಯುತ್ತದೆ.

ಮೊದಲು ಮಲಗಬೇಕಾದವರು ಒಬ್ಬ ಆರೋಗ್ಯವಂತ ದೊಡ್ಡವರು. ಶಾಲೆಯ ದೈಹಿಕ ಶಿಕ್ಷಕರೇ ಆಗಲಿ, ಮಕ್ಕಳಿಗೂ ಖುಷಿ. ನಾಲ್ವರು ದೊಡ್ಡವರು ಮೊಣಕಾಲೂರಿ, ಬೆನ್ನು ನೆಟ್ಟಗಿಟ್ಟು, ಒಬ್ಬರ ಎಣಿಕೆಗೆ ಎಲ್ಲರೂ ಒಟ್ಟಿಗೆ ಒಂದು ಗೇಣು ಎತ್ತಿ, ಹತ್ತು ಎಣಿಸಿ ಇಳಿಸಲಿ. ಹಿಡಿದರೆ ಮಾತ್ರ ಮುಂದೆ. ನಡೆಯುವಾಗ ಕವಾಯತಿನ ಹಾಗೆ ಲೆಫ್ಟ್ ರೈಟ್ ಹಾಕಬೇಡಿ. ಹೆಜ್ಜೆ ಒಂದೇ ಆದರೆ ಸ್ಟ್ರೆಚರ್ ತೊಟ್ಟಿಲಿನಂತೆ ತೂಗುತ್ತದೆ. ಮುಂದಿನವರು ಎಡಗಾಲು ಇಟ್ಟರೆ ಹಿಂದಿನವರು ಬಲಗಾಲು. ಸಮತಟ್ಟಿನಲ್ಲಿ ರೋಗಿಯ ಕಾಲು ಮುಂದೆ, ಏರು ಹತ್ತುವಾಗ ತಲೆ ಮುಂದೆ. ಉಸಿರಾಟ ಕಷ್ಟವಾದವರಿಗೆ ತಲೆಯಡಿ, ಬೆನ್ನಡಿ ಮಡಚಿದ ಸೀರೆ ಕೊಡಿ. ಮರದಿಂದ ಬಿದ್ದು, ಬೈಕಿನಿಂದ ಬಿದ್ದು ಕುತ್ತಿಗೆ ಬೆನ್ನಿಗೆ ಪೆಟ್ಟಾದವರನ್ನು ಮಾತ್ರ ಇದರಲ್ಲಿ ಹಾಕಲೇಬೇಡಿ, ನಡುಬಾಗುತ್ತದೆ. ಅವರನ್ನು ಕದಲಿಸದೆ 108 ಆಂಬುಲೆನ್ಸ್‌ಗೆ ಕಾಯುವುದೇ ಸರಿ.

ಮಲೆನಾಡಿನ, ಖಾನಾಪುರ ಕಾಡಿನ ಊರುಗಳವರು ‘ನಾವು ಜೋಲಿಯಲ್ಲಿ ಹೊರುತ್ತೇವಲ್ಲ’ ಎನ್ನುತ್ತಾರೆ. ನಿಜ, ರಸ್ತೆಯಿಲ್ಲದಲ್ಲಿ ಇಬ್ಬರೇ ಇದ್ದಾಗ ಅದೇ ಗತಿ. ಆದರೆ ಒಂಟಿ ಗಳದ ಜೋಲಿಯಲ್ಲಿ ಮೈ ಬಾಗಿ ಎದೆ ಹೊಟ್ಟೆ ಒತ್ತುತ್ತದೆ. ಬಸುರಿಗೂ ದಮ್ಮಿನವರಿಗೂ ಅದು ಹಿಂಸೆ. ನಾಲ್ಕು ಜನ ಸಿಗುವಂತಿದ್ದರೆ ಎರಡು ಗಳವೇ ಮೇಲು.

ಇಲ್ಲಿ ಒಂದು ಇರಿಸುಮುರಿಸು ಖಂಡಿತ ಬರುತ್ತದೆ. ಎರಡು ಬಿದಿರು, ಮೇಲೆ ಬಟ್ಟೆ, ನಾಲ್ಕು ಜನ ಹೊರುವುದು ನೋಡಿದ ಅಜ್ಜಿಯರು ‘ಸಾಲಿಯೊಳಗ ಚಟ್ಟ ಕಟ್ಟತೀರೇನು’ ಎಂದು ಬಾಗಿಲಿಗೆ ಬರುತ್ತಾರೆ. ನಗಬೇಡಿ. ವಾರದ ಮೊದಲೇ ಎಸ್‌ಡಿಎಂಸಿ ಸಭೆಯಲ್ಲಿ ಕಟ್ಟಿ ತೋರಿಸಿ. ಚಟ್ಟಕ್ಕೆ ಅಡ್ಡಪಟ್ಟಿ, ಹಗ್ಗದ ಬಿಗಿತ ಇರುತ್ತದೆ, ಇದರಲ್ಲಿ ಅದಿಲ್ಲ ಎಂದು ಕೈಯಲ್ಲೇ ಮುಟ್ಟಿಸಿ ತೋರಿಸಿದರೆ ಒಪ್ಪುತ್ತಾರೆ. ಇನ್ನೂ ಅಳುಕಿದ್ದರೆ ಮಲಗಲು ಮಕ್ಕಳು ಬೇಡ, ಧಾನ್ಯದ ಮೂಟೆ ಸಾಕು.

ಹೊರುವವರ ಸುರಕ್ಷತೆಯನ್ನು ಇದರ ಜೊತೆಯಲ್ಲೇ ಕಲಿಸಬೇಕು, ಬೇರೆ ಪಾಠವಾಗಿ ಅಲ್ಲ. ಕೆಮ್ಮುವ ರೋಗಿಗೂ ಹೊರುವವರಿಗೂ ಮಾಸ್ಕ್. ವಾಂತಿ, ರಕ್ತ ಮುಟ್ಟುವಾಗ ಕೈಗವಸು, ಇಲ್ಲದಿದ್ದರೆ ತೂತಿಲ್ಲದ ಪ್ಲಾಸ್ಟಿಕ್ ಚೀಲ. ಇಳಿಸಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಕಂಬಳಿ ಬಿಸಿನೀರಿಗೆ, ಆಮೇಲೆ ಬಿಸಿಲಿಗೆ. ಊರಲ್ಲಿ ಇದ್ದಕ್ಕಿದ್ದಂತೆ ಇಲಿಗಳು ಸತ್ತು ಬೀಳತೊಡಗಿದರೆ ಬರಿಗೈಯಲ್ಲಿ ಎತ್ತಿ ಎಸೆಯದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸುವುದೂ ಸೇರಲಿ. 1994ರಲ್ಲಿ ಸೂರತ್ ಹೆದರಿ ಖಾಲಿಯಾದದ್ದು ಬಹಳ ಹಿಂದಿನ ಮಾತಲ್ಲ. ಈಗ ಪ್ಲೇಗಿಗೆ ಆ್ಯಂಟಿಬಯಾಟಿಕ್ ಇದೆ, ತಡಮಾಡದೆ ಕೊಟ್ಟರೆ ವಾಸಿಯಾಗುತ್ತದೆ.

ವಾಂತಿ ಭೇದಿಯಾದವರಿಗೆ ಕುಡಿಸುವ ಓಆರ್‌ಎಸ್ ಎಲ್ಲರಿಗೂ ಗೊತ್ತು ಎಂದುಕೊಂಡಿದ್ದೇವೆ, ಮಾಡಿಸಿ ನೋಡಿದರೆ ಗೊತ್ತಿಲ್ಲ. ಪೊಟ್ಟಣ ಒಡೆದು ಒಂದು ಲೋಟಕ್ಕೆ ಅಂದಾಜಿನಲ್ಲಿ ಸುರಿಯುತ್ತಾರೆ. ಒಂದು ಲೀಟರಿನ ಪೊಟ್ಟಣ ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೇ ಹೋಗಬೇಕು. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಚಾಕುವಿನ ಬೆನ್ನಿನಿಂದ ಸವರಿ ಸಮ ಮಾಡಿದ್ದು. ಗೋಪುರದಂತೆ ತುಂಬಿದ ಉಪ್ಪು ಪುಟ್ಟ ಮಗುವಿಗೆ ಅಪಾಯ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಗುಟುಕು ಗುಟುಕಾಗಿ. ಇಪ್ಪತ್ನಾಲ್ಕು ಗಂಟೆ ದಾಟಿದ್ದನ್ನು ಚೆಲ್ಲಿ.

ಮೂರನೆಯದು ಶಾಲೆಯ ಹೊರಗಿನ ಕೆಲಸ. ನಮ್ಮ ಪ್ರಕಾರ ಇದೇ ಮುಖ್ಯ. ಮಾರ್ಚ್ ಮೊದಲ ವಾರ ಹಾಜರಿ ಪುಸ್ತಕ ತೆಗೆದು ಸತತ ಏಳು ದಿನ ಬಾರದ ಮಕ್ಕಳ ಹೆಸರು ಬರೆಯಿರಿ. 10ನೇ ತಾರೀಕಿನ ಸಂಜೆ ಆ ಮನೆಗಳಿಗೆ ಹೋಗಿ. ಬೆಳಿಗ್ಗೆ ಹೋದರೆ ಬೀಗ, ಕೂಲಿಯಿಂದ ಬರುವುದು ಆರರ ಮೇಲೆ. ಇಬ್ಬರೇ ಹೋಗಬೇಕು, ಅದರಲ್ಲಿ ಒಬ್ಬರು ಹೆಣ್ಣುಮಗಳು, ಅಂಗನವಾಡಿ ಟೀಚರ್ ಆದರೆ ಒಳ್ಳೆಯದು. ಎಂಟು ಜನ, ಕ್ಯಾಮೆರಾ, ಬ್ಯಾನರ್ ಹೊತ್ತು ಹೋದರೆ ಆ ಮನೆಯವರು ಊರೆದುರು ತಲೆತಗ್ಗಿಸುತ್ತಾರೆ, ಮಗು ಮರುದಿನ ಒಂದು ದಿನ ಬಂದು ಮತ್ತೆ ನಿಲ್ಲುತ್ತದೆ. ‘ಯಾಕೆ ಕಳಿಸುತ್ತಿಲ್ಲ’ ಎಂದು ಶುರುಮಾಡಬೇಡಿ. ಮಗುವಿನ ಇಡೀ ದಿನ ಹೇಗೆ ಕಳೆಯುತ್ತದೆ, ಎಷ್ಟೊತ್ತಿಗೆ ಏಳುತ್ತಾಳೆ, ನೀರು ಯಾರು ತರುತ್ತಾರೆ, ತಮ್ಮನನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿ. ಕಾರಣ ತಾನಾಗಿ ಹೊರಬರುತ್ತದೆ.

ಕಾರಣಗಳೂ ಎಲ್ಲ ಊರಲ್ಲಿ ಒಂದೇ ಅಲ್ಲ. ಕಲ್ಯಾಣ ಕರ್ನಾಟಕದಲ್ಲಿ ಗುಳೆ. ಕಬ್ಬು ಕಡಿಯಲು ಹೋದವರು ಮಗುವನ್ನೂ ಕರೆದೊಯ್ದಿದ್ದರೆ ಅಲ್ಲಿನ ಹತ್ತಿರದ ಶಾಲೆಯ ಮುಖ್ಯ ಶಿಕ್ಷಕರಿಗೆ ಫೋನ್ ಮಾಡಿ ಅಲ್ಲೇ ಕೂರಿಸಿಕೊಳ್ಳಲು ಕೇಳಬಹುದು, ಟಿಸಿ ಆಮೇಲೆ ನೋಡಿದರಾಯಿತು. ಬೇರೆ ಕಡೆ ಶೌಚಾಲಯಕ್ಕೆ ನೀರಿಲ್ಲದೆ ದೊಡ್ಡವಳಾದ ಹುಡುಗಿ ಶಾಲೆ ಬಿಟ್ಟಿರುತ್ತಾಳೆ. ಮನೆಯವರು ಹೊಟ್ಟೆನೋವು ಎನ್ನುತ್ತಾರೆ. ಅದು ಮನೆಯ ತಪ್ಪಲ್ಲ, ಶಾಲೆಯದು, ಪಂಚಾಯಿತಿಯದು. ವಾಪಸ್ ಬಂದು ನಲ್ಲಿ ನೋಡಿ. ಇನ್ನು ಕೆಲವೆಡೆ ಮದುವೆ. ಪರೀಕ್ಷೆ ಮುಗಿದ ಕೂಡಲೇ ಮದುವೆಯ ದಿನಗಳು, ಅಕ್ಷಯ ತೃತೀಯ. ಒಂಬತ್ತು, ಹತ್ತನೇ ತರಗತಿಯ ಹುಡುಗಿ ಕೈಗೆ ಮದರಂಗಿ ಹಚ್ಚಿಕೊಂಡಿದ್ದರೆ, ಪರೀಕ್ಷೆಗೆ ಬರಲು ಹಿಂಜರಿಯುತ್ತಿದ್ದರೆ, ಮನೆಗೆ ಹೊಸದಾಗಿ ಸುಣ್ಣ ಬಿದ್ದಿದ್ದರೆ ಸುಮ್ಮನಾಗಬೇಡಿ. ಅವಳ ಹುಟ್ಟಿದ ದಿನಾಂಕ ಶಾಲಾ ದಾಖಲೆಯಲ್ಲಿ ನೋಡಿ, ಹದಿನೆಂಟು ತುಂಬದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಅಥವಾ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಹೇಳಿ. ಹೇಳಿದವರು ಯಾರೆಂದು ಊರಿಗೆ ಗೊತ್ತಾಗಬಾರದು, ಹುಡುಗಿಗೂ ಗೊತ್ತಾಗಬಾರದು. ಮದುವೆ ಹಿಂದಿನ ದಿನ ಹೇಳಿದರೆ ಚಪ್ಪರದಲ್ಲಿ ಗಲಾಟೆ, ಮೂರು ವಾರ ಮೊದಲು ಹೇಳಿದರೆ ಕೂತು ಮಾತಾಡಲು ಎಡೆ ಇರುತ್ತದೆ. ಮಾರ್ಚ್ 10 ಆ ದೃಷ್ಟಿಯಿಂದಲೂ ಸರಿಯಾದ ದಿನ. ಒಂಬತ್ತನೇ ವಯಸ್ಸಿಗೇ ಮದುವೆಯಾಗಿದ್ದ ಸಾವಿತ್ರಿಬಾಯಿ ಅಕ್ಷರ ಕಲಿತದ್ದು ಮದುವೆಯಾದ ಮೇಲೆ. ಎಲ್ಲ ಹುಡುಗಿಯರಿಗೂ ಜೋತಿಬಾನಂಥ ಗಂಡ ಸಿಗುವುದಿಲ್ಲ.

ಭೇಟಿಯ ವಿವರವನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ: ತಾರೀಕು, ಕಾರಣ, ಯಾರು ಏನು ಮಾಡಲು ಒಪ್ಪಿದರು, ಮತ್ತೆ ಹೋಗುವ ದಿನ. ಕೊನೆಯ ಅಂಕಣ ಖಾಲಿ ಬಿಟ್ಟರೆ ಇಡೀ ಪುಟ ವ್ಯರ್ಥ. ಈ ನೋಟ್‌ಬುಕ್ ತಪಾಸಣೆಗೆ ಬಂದವರಿಗೆ ತೋರಿಸುವಂಥದ್ದಲ್ಲ.

ಇಲಾಖೆಯಲ್ಲಿ ನಮ್ಮ ಬೇಡಿಕೆ ದೊಡ್ಡದಲ್ಲ. ಸುತ್ತೋಲೆ ಹೊರಡಿಸುವುದಾದರೆ ಅದರಲ್ಲಿ ‘ಛಾಯಾಚಿತ್ರಗಳನ್ನು ಅಪ್‌ಲೋಡ್ ಮಾಡತಕ್ಕದ್ದು’ ಎಂಬ ಸಾಲು ಹಾಕಬೇಡಿ. ಆ ಒಂದು ಸಾಲು ಬಂದರೆ ಮನೆಭೇಟಿಯೂ ಮೆರವಣಿಗೆಯಾಗುತ್ತದೆ. ಮಕ್ಕಳಿಂದ ದುಡ್ಡು ಎತ್ತಬಾರದು ಎಂದು ಸ್ಪಷ್ಟವಾಗಿ ಬರೆಯಿರಿ. ಹತ್ತನೇ ತರಗತಿಯವರನ್ನು ಈ ಎರಡು ಪೀರಿಯಡ್‌ನಿಂದ ಬಿಟ್ಟುಬಿಡಿ, ಅವರಿಗೆ ಜೂನ್‌ನಲ್ಲಿ ಬೇಕಾದರೆ ಮಾಡಿಸಬಹುದು. 10ನೇ ತಾರೀಕು ಭಾನುವಾರ ಬಂದರೆ ಹಿಂದಿನ ಶನಿವಾರ ಬೆಳಗಿನ ತರಗತಿ ಇದೆ.

ಸಾಮಾನು ಒಟ್ಟು ಇಷ್ಟು. ನೂರು ಮಕ್ಕಳ ಶಾಲೆಗೆ ನಾಲ್ಕು ಗಳ, ಎರಡು ಕಂಬಳಿ, ಹತ್ತು ಓಆರ್‌ಎಸ್ ಪೊಟ್ಟಣ, ಐದು ಒಂದು ಲೀಟರ್ ಬಾಟಲಿ, ಎರಡು ಸೋಪು, ಒಂದು ನೋಟ್‌ಬುಕ್. ಪೊಟ್ಟಣಗಳನ್ನು ಆರೋಗ್ಯ ಕೇಂದ್ರದಿಂದ ಕೇಳಿ ಪಡೆಯಬಹುದು, ಅವಧಿ ಮುಗಿಯುವ ತಿಂಗಳು ನೋಡಿಕೊಳ್ಳಿ. ಕೆಲಸ ಮುಗಿದ ಮೇಲೆ ಗಳಗಳನ್ನು ಮಳೆ ತಾಗದ ಕಡೆ, ನೆಲದಿಂದ ಎತ್ತರದಲ್ಲಿ ಅಡ್ಡಲಾಗಿ ಇಡಿ, ಗೋಡೆಗೆ ನಿಲ್ಲಿಸಿದರೆ ಬುಡಕ್ಕೆ ಗೆದ್ದಲು ಹತ್ತುತ್ತದೆ. ಕಂಬಳಿಯನ್ನು ಬೇವಿನ ಸೊಪ್ಪಿನ ಜೊತೆ ಟ್ರಂಕಿನಲ್ಲಿಡಿ. ಬೀಗದ ಕೈ ಮುಖ್ಯ ಶಿಕ್ಷಕರ ಬಳಿ ಒಂದು, ಬಿಸಿಯೂಟದ ಅಡುಗೆಯಮ್ಮನ ಬಳಿ ಇನ್ನೊಂದು. ರಜೆಯಲ್ಲಿ ಊರಿನಲ್ಲಿ ಸಿಗುವವರು ಅವರೇ.

ಇಂತಿ ತಮ್ಮ ವಿಶ್ವಾಸಿಗಳು,
ಕೆಲವು ನಿವೃತ್ತ ಶಿಕ್ಷಕಿಯರು, ಶಿಕ್ಷಕರು ಮತ್ತು ಆರೋಗ್ಯ ಸಹಾಯಕಿಯರು